ಅವಕತೆಕ್ ಮಾತಿಗೆ ಒಪ್ಪಿಗೆ

ವಕೀಲೆಯೊಬ್ಬಳು ಫೋನ್ ಮಾಡಿ, ನಿಮಗೆ ಅವಕತೆಕ್ ಭಾಷೆ ಬರುತ್ತದೆಯೇ ಎಂದು ಕೇಳಿದಾಗ ನಾನು ‘ಬರುತ್ತದೆ’ ಎಂದೆನೋ, ‘ಓದಿದ್ದೇನೆ’ ಎಂದೆನೋ ಈಗ ಖಚಿತವಿಲ್ಲ. ಆ ದಿನದ ದಿನಚರಿಯಲ್ಲಿ ‘ಓದಿದ್ದೇನೆ ಎಂದೆ’ ಎಂದು ಬರೆದಿದ್ದೇನೆ. ಆದರೆ ದಿನಚರಿ ಬರೆಯುವಾಗ ನಾನು ಮಾತಾಡುವಾಗಿನದಕ್ಕಿಂತ ಸ್ವಲ್ಪ ಹೆಚ್ಚು ಪ್ರಾಮಾಣಿಕಳಾಗಿರುತ್ತೇನೆ. ಹಾಗಾಗಿ ಆ ಸಾಲನ್ನು ಪೂರ್ತಿ ನಂಬುವುದಿಲ್ಲ.

ಅವಕತೆಕ್ ಎಂದರೇನೆಂದು ಮೊದಲೇ ಹೇಳಿಬಿಡುತ್ತೇನೆ. ಮಾಯಾ ಎಂದ ಕೂಡಲೇ ನಮ್ಮವರಿಗೆ ಕಾಡಿನೊಳಗಿನ ಕಲ್ಲಿನ ಪಿರಮಿಡ್ಡು, ಲೋಕ ಮುಗಿಯುತ್ತದೆಂದು ಹೇಳಿದ ಕ್ಯಾಲೆಂಡರು ನೆನಪಾಗುತ್ತವೆ. ಮಾಯಾ ಭಾಷೆಗಳನ್ನು ಜನ ಇವತ್ತಿಗೂ ಮಾತಾಡುತ್ತಾರೆ, ಬಸ್ಸಿನಲ್ಲಿ ಜಗಳವಾಡಲು, ಕೋಳಿ ಮಾರಲು, ಮಗುವನ್ನು ಗದರಲು. ನಮ್ಮ ದ್ರಾವಿಡ ಭಾಷೆಗಳಂತೆ ಅವೂ ಒಂದು ದೊಡ್ಡ ಕುಟುಂಬ. ಅದರ ಒಂದು ಶಾಖೆ ಮಾಮ್ ಶಾಖೆ. ಗ್ವಾಟೆಮಾಲಾದ ಪಶ್ಚಿಮದ ಎತ್ತರದ ಬೆಟ್ಟಗಳಲ್ಲಿ, ಗಡಿ ದಾಟಿ ಮೆಕ್ಸಿಕೋದೊಳಗೂ ಸ್ವಲ್ಪ ದೂರ ಹಬ್ಬಿದೆ. ಶಾಖೆಯ ದೊಡ್ಡ ಭಾಷೆ ಮಾಮ್. ಅದರ ಪಕ್ಕಕ್ಕೆ ಗಡಿಯಂಚಿನ ಪುಟ್ಟ ತೆಕ್ತಿತೆಕ್. ಬೆಟ್ಟದ ಇನ್ನೊಂದು ಕಡೆಗೆ ಇಶಿಲ್ ಮತ್ತು ಅವಕತೆಕ್. ಅವಕತೆಕ್ ಅಗ್ವಕತಾನ್ ಎಂಬ ಒಂದು ಊರು ಮತ್ತು ಅದರ ಸುತ್ತಲ ಹಳ್ಳಿಗಳ ಮಾತು. ಅಲ್ಲಿಯವರು ಅದಕ್ಕಿಟ್ಟ ಹೆಸರಿನ ಅರ್ಥ ‘ನಮ್ಮ ಮಾತು’ ಎಂದಷ್ಟೇ. ಆ ಕಣಿವೆಯಲ್ಲಿ ಬೆಳ್ಳುಳ್ಳಿ ಬೆಳೆಯುತ್ತಾರೆ.

ನಾನು ಆ ಊರನ್ನು ನೋಡಿಲ್ಲ. ನನ್ನ ಪಿಎಚ್‌ಡಿ ಪ್ರಬಂಧ ಆ ನಾಲ್ಕು ಭಾಷೆಗಳ ಹೋಲಿಕೆ. ಬೇರೆ ಯಾರೋ ಎಷ್ಟೋ ವರ್ಷ ಹಿಂದೆ ಮಾಡಿಟ್ಟ ಧ್ವನಿಮುದ್ರಣಗಳನ್ನು ಜರ್ಮನಿಯ ಡ್ರೆಸ್ಡೆನ್‌ನ ಒಂದು ವಿದ್ಯಾರ್ಥಿ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಬರೆದದ್ದು. ಪದವಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಗಂಡನಿಗೆ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ನೌಕರಿಯಾದ ಮೇಲೆ ಆ ಊರಿನ ಪಕ್ಕದ ನ್ಯೂರೆಂಬರ್ಗಿಗೆ ಬಂದೆವು. ಈಗ ನಾನು ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಜರ್ಮನ್ ಕಲಿಸುತ್ತೇನೆ.

“ಯಾರ ಫೋನು?” ಗಂಡ ಕೇಳಿದ. ಅವನು ಹುಬ್ಬಳ್ಳಿಯವನು, ಇಲ್ಲಿ ಎಷ್ಟು ವರ್ಷವಾದರೂ ಅವನ ಮಾತು ಹುಬ್ಬಳ್ಳಿ ಬಿಟ್ಟು ಕದಲಿಲ್ಲ.

“ಕೋರ್ಟಿನ ಕೆಲಸ. ಅವಕತೆಕ್ ತಿಳಿಯೋರು ಬೇಕಂತ.”

“ಅಂದ್ರ ನಿನ್ನ ಭಾಷಾಕ್ಕ ಕಡೀಗೂ ಒಂದು ಕಸ್ಟಮರ್ ಸಿಕ್ತು.”

“ನಗಬ್ಯಾಡ.”

“ನಗ್ಲಿಕತ್ತಿಲ್ಲ. ಆ ಹೆಣ್ಮಗಳು ಮಾತಾಡಿದ್ರ ನಿಂಗ ತಿಳೀತದೇನು? ನೀ ಬರೇ ರೆಕಾರ್ಡಿಂಗ್ ಕೇಳಿದಾಕಿ.”

“ತಿಳೀಬಹುದು.”

“ಬಹುದು ಗಿಹುದು ಕೋರ್ಟಿನಾಗ ಅನ್ನಬ್ಯಾಡ. ಈ ಮಂದಿಗೆ ಆ ಶಬ್ದ ಅಲರ್ಜಿ.”

ವಕೀಲೆ ಹೇಳಿದ ವಿಷಯ ಇದು. ಅಗ್ವಕತಾನ್‌ನ ಒಬ್ಬ ಹೆಂಗಸು ರಾಜಧಾನಿಯಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲಿ ಕುಡಿಯುವ ನೀರಿನ ಯೋಜನೆಯೊಂದಕ್ಕೆ ಬಂದಿದ್ದ ಜರ್ಮನ್ ಎಂಜಿನಿಯರನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಒಬ್ಬ ಮಗಳು ಹುಟ್ಟಿದಳು. ಮದುವೆ ಮುರಿಯಿತು. ಮುರಿಯುವ ಹೊತ್ತಿಗೆ ಅವಳು ಒಮ್ಮೆ ಗಂಡನಿಗೆ ಹೇಳದೆ ಮಗುವನ್ನು ಕರೆದುಕೊಂಡು ಗೆಳತಿಯೊಬ್ಬಳ ಮನೆಗೆ ಹೋಗಿ ಕೆಲವು ದಿನ ಇದ್ದುಬಿಟ್ಟಳು. ದೇಶ ಬಿಟ್ಟು ಓಡುವ ಸಿದ್ಧತೆ ಅದು ಎಂದು ಅವನು ಹೇಳಿದ. ಕೋರ್ಟು ಮಗುವನ್ನು ಅಪ್ಪನಿಗೆ ಕೊಟ್ಟಿತು. ತಾಯಿ ಮಗುವನ್ನು ನೋಡಬಹುದು, ಆದರೆ ಒಂದು ಆಟದ ಕೋಣೆಯಲ್ಲಿ, ಮೇಲ್ವಿಚಾರಕಿಯೊಬ್ಬಳ ಎದುರಿಗೆ. ಓಡಿಹೋಗುವ ಸಂಚು ಕಿವಿಯಲ್ಲಿ ಹೇಳಬಾರದೆಂದು ಅಲ್ಲಿ ಜರ್ಮನ್ ಮಾತ್ರ ಮಾತಾಡಬೇಕು.

ಅವಳು ಒಪ್ಪಿರಲಿಲ್ಲ. ಸ್ಪ್ಯಾನಿಷ್ ಬಲ್ಲ ಮೇಲ್ವಿಚಾರಕಿಯನ್ನು ಕೊಡುತ್ತೇವೆ ಎಂದರು. ಅದಕ್ಕೂ ಒಪ್ಪಲಿಲ್ಲ. ತನ್ನ ಮಾತಿನಲ್ಲಿ ಮಾತಾಡಲು ಬಿಡಿ ಎಂದು ವರ್ಷಗಟ್ಟಲೆ ಹಟ ಹಿಡಿದ ಮೇಲೆ, ಕೊನೆಗೆ ಕೋರ್ಟು ಹೀಗೆ ಹೇಳಿತ್ತು: ಆ ಭಾಷೆ ತಿಳಿದವರೊಬ್ಬರು ಪಕ್ಕದಲ್ಲಿ ಕೂತು ಪ್ರತಿಯೊಂದು ಮಾತನ್ನೂ ಅನುವಾದಿಸುವುದಾದರೆ ಕೆಲವು ಭೇಟಿಗಳಿಗೆ ಒಪ್ಪಿಗೆ ಇದೆ. ಆಮೇಲೆ ಮೇಲ್ವಿಚಾರಕಿಯ ವರದಿ ನೋಡಿ ಮುಂದಿನದು. ವಕೀಲೆ ಇಡೀ ಜರ್ಮನಿಯಲ್ಲಿ ಹುಡುಕಿ, ಯಾವುದೋ ವಿಶ್ವವಿದ್ಯಾಲಯದ ಜಾಲತಾಣದ ಮೂಲೆಯಲ್ಲಿದ್ದ ನನ್ನ ಪ್ರಬಂಧವನ್ನು ಕಂಡಿದ್ದಳು.

ತಾಯಿಯನ್ನು ಮೊದಲು ಕಂಡದ್ದು ಉ-ಬಾನ್ ಮೆಟ್ರೊ ನಿಲ್ದಾಣದ ಹತ್ತಿರದ ಒಂದು ಬೇಕರಿಯಲ್ಲಿ. ಗಿಡ್ಡ, ಗಟ್ಟಿಮುಟ್ಟು ಹೆಂಗಸು, ನನಗಿಂತ ಚಿಕ್ಕವಳು. ಊರಿನ ಉತ್ತರಕ್ಕಿರುವ ಕ್ನೋಬ್ಲಾಖ್ಸ್‌ಲಾಂಡ್‌ನ ಗಾಜಿನ ಮನೆಗಳಲ್ಲಿ ಟೊಮೆಟೊ ಬಿಡಿಸುವ ಕೆಲಸ. ಆ ಬಯಲಿಗೆ ಬೆಳ್ಳುಳ್ಳಿ ನಾಡು ಎಂದು ಹೆಸರು, ಆದರೆ ಈಗ ಅಲ್ಲಿ ಬೆಳ್ಳುಳ್ಳಿ ಹುಡುಕಬೇಕು. ಅವಳ ಬೆರಳುಗಳ ಸಂದಿಯಲ್ಲಿ ಟೊಮೆಟೊ ಗಿಡದ ಹಸಿರು ಕಪ್ಪಾಗಿ ಕೂತಿತ್ತು.

ನಾನು ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದ ವಾಕ್ಯಗಳನ್ನು ಅವಕತೆಕ್‌ನಲ್ಲಿ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ನಕ್ಕಳು. ಬೇಕರಿಯವಳು ತಿರುಗಿ ನೋಡಿದಳು.

“ಇನ್ನೊಂದ್ಸಲ ಹೇಳು,” ಎಂದಳು ಜರ್ಮನ್‌ನಲ್ಲಿ. ಮೊದಲ ಮಾತಿನಿಂದಲೇ ಏಕವಚನ. ನನಗೆ ಕೊನೆಯವರೆಗೂ ಬಹುವಚನ ಬಿಡಲಾಗಲಿಲ್ಲ.

ಹೇಳಿದೆ.

“ನನ್ನ ಮುತ್ತಜ್ಜ ಹೀಗೇ ಮಾತಾಡ್ತಿದ್ದ. ಬಾಯಲ್ಲಿ ಹಲ್ಲಿರಲಿಲ್ಲ. ನಿನಗೆ ಯಾರು ಕಲಿಸಿದ್ದು?”

“ಹಳೇ ರೆಕಾರ್ಡಿಂಗ್‌ಗಳು. ಮುದುಕರು ಹೇಳಿದ ಕತೆಗಳು, ಮೊಲದ್ದು, ಗುಳ್ಳೆನರಿಯದ್ದು.”

“ಅವರೆಲ್ಲ ಸತ್ತಿದಾರೆ.”

“ಹೌದು, ಇರಬೇಕು.”

“ಸತ್ತವರ ಹತ್ತಿರ ಭಾಷೆ ಕಲಿತವಳನ್ನ ತಂದಿದಾಳೆ ನನ್ನ ವಕೀಲೆ. ಇರಲಿ, ನನ್ನ ಮಗಳಿಗೂ ಗುಳ್ಳೆನರಿ ಅಂದ್ರೆ ಇಷ್ಟ.”

ಅವಳು ಮಾತಾಡಿದರೆ ನನಗೆ ಅರ್ಥವಾಗುತ್ತದೋ ಎಂದು ಪರೀಕ್ಷಿಸಲು ಏನೇನೋ ಹೇಳಿದಳು. ನಿಧಾನಕ್ಕೆ ಹೇಳಿದ್ದು ಬಹುಪಾಲು ತಿಳಿಯಿತು. ಬೇಗ ಹೇಳಿದ್ದರಲ್ಲಿ ನನ್ನ ಮೂಗಿನ ಬಗ್ಗೆ ಒಂದು ಮಾತಿತ್ತು, ಅದೂ ತಿಳಿಯಿತು. ಸ್ಪ್ಯಾನಿಷ್‌ಗೆ ಯಾಕೆ ಒಪ್ಪಲಿಲ್ಲ ಎಂದು ಕೇಳಿದೆ.

“ಸ್ಪ್ಯಾನಿಷ್ ನಾನು ನೆಲ ಒರೆಸ್ತಿದ್ದ ಮನೆಯ ಅಮ್ಮಾವ್ರ ಜೊತೆ ಮಾತಾಡಿದ ಭಾಷೆ. ಆಮೇಲೆ ಅವನ ಜೊತೆ. ಅದರಲ್ಲಿ ನನಗೆ ‘ಆಯ್ತು’ ಅನ್ನೋದಕ್ಕೆ ಮಾತ್ರ ಚೆನ್ನಾಗಿ ಬರುತ್ತೆ.”

ಆಟದ ಕೋಣೆ ಒಂದು ಕಚೇರಿ ಕಟ್ಟಡದ ನೆಲಮಹಡಿಯಲ್ಲಿತ್ತು. ತಗ್ಗು ಕುರ್ಚಿಗಳು, ಮರದ ಆಟದ ಒಲೆ, ತುಂಡುಗಳು ಕಳೆದುಹೋದ ಪಜಲ್‌ಗಳು. ಮೇಲ್ವಿಚಾರಕಿ ಐವತ್ತರ ಆಸುಪಾಸಿನವಳು, ಬೂಟು ಕಳಚಿ ದಪ್ಪ ಉಣ್ಣೆಯ ಕಾಲುಚೀಲದಲ್ಲಿ ಓಡಾಡುತ್ತಿದ್ದಳು. ನನಗೂ ಪುದೀನ ಚಹಾ ಮಾಡಿಕೊಟ್ಟಳು. ಅವಳು ಒಳ್ಳೆಯವಳು. ಇದನ್ನು ವ್ಯಂಗ್ಯಕ್ಕೆ ಬರೆಯುತ್ತಿಲ್ಲ. ಆಮೇಲೆ ಆದದ್ದನ್ನೆಲ್ಲ ಅವಳು ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು.

ಮಗುವನ್ನು ಅಪ್ಪ ಸೈಕಲ್ ಮೇಲೆ ತಂದು ಗೇಟಿನಲ್ಲಿ ಬಿಟ್ಟ. ಐದು ವರ್ಷದ ಹುಡುಗಿ, ತಲೆಯ ಹೆಲ್ಮೆಟ್ ಬಿಚ್ಚಲಿಲ್ಲ. ಬಾಗಿಲ ಹತ್ತಿರ ನಿಂತುಕೊಂಡಳು. ತಾಯಿ ಅದಾಗಲೇ ನೆಲದ ಮೇಲೆ ಕೂತು ಬಟ್ಟೆಯ ಚೀಲದಿಂದ ಬೆಳ್ಳುಳ್ಳಿ ತೆಗೆದು ಹರಡಿದ್ದಳು, ಉದ್ದನೆಯ ಒಣ ದಂಟುಗಳ ಸಮೇತ. ಎಲ್ಲಿಂದ ತಂದಿದ್ದಳೋ. “ಬಾ,” ಎಂದಳು. ಅದೊಂದೇ ಮಾತು. ನಾನು ಮೇಲ್ವಿಚಾರಕಿಗೆ ಹೇಳಿದೆ: “ಬಾ ಅಂದಳು.”

ಆಮೇಲೆ ಅವಳು ಬಾಯಿ ತೆರೆಯಲಿಲ್ಲ. ಒಂದೊಂದು ಗಡ್ಡೆಯನ್ನು ಹೆಬ್ಬೆರಳಿನಿಂದ ಉಜ್ಜಿ ಹೊರಗಿನ ಕೊಳೆ ಸಿಪ್ಪೆ ತೆಗೆಯುವುದು, ಬೇರಿನ ಮೀಸೆ ಕಿತ್ತುಹಾಕುವುದು, ದಂಟು ಸರಿಯಾಗಿ ಜೋಡಿಸಿ ಕಟ್ಟು ಕಟ್ಟುವುದು. ಮಗುವಿನ ಕಡೆ ನೋಡುತ್ತಲೂ ಇರಲಿಲ್ಲ. ಮೇಲ್ವಿಚಾರಕಿ ನನ್ನ ಕಡೆ ಬಗ್ಗಿದಳು.

“ಏನು ಹೇಳ್ತಿದಾರೆ?”

“ಏನೂ ಹೇಳ್ತಿಲ್ಲ.”

“ತುಂಬ ಮೆಲ್ಲಗೆ ಏನಾದ್ರೂ?”

“ಇಲ್ಲ.”

ಹುಡುಗಿ ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದಳೆಂದು ಹೇಳಲಾರೆ. ನನಗೆ ಅದು ಬಹಳ ದೀರ್ಘವಾಗಿತ್ತು. ಸುಮ್ಮನೆ ಕೂತವರಿಗೆ ಎಲ್ಲವೂ ದೀರ್ಘವೇ. ಆಮೇಲೆ ಅವಳು ಹೆಲ್ಮೆಟ್ ಬಿಚ್ಚಿದಳು. ಬಂದು ತಾಯಿಯ ಮೊಣಕಾಲಿನ ಹತ್ತಿರ ಕೂತಳು. ಬೆರಳುಗಳನ್ನು ನೋಡಿದಳು. ಒಂದು ಗಡ್ಡೆ ಎತ್ತಿಕೊಂಡು ಹೆಬ್ಬೆರಳಿನಿಂದ ಉಜ್ಜಿದಳು. ಸಮಯ ಮುಗಿಯುವವರೆಗೂ ಇಬ್ಬರೂ ಹಾಗೆಯೇ. ಕೋಣೆ ತುಂಬ ವಾಸನೆ. ಮೇಲ್ವಿಚಾರಕಿ ಕಿಟಕಿ ತೆರೆದಳು.

ಹೊರಡುವಾಗ ಹುಡುಗಿ ಜರ್ಮನ್‌ನಲ್ಲಿ ತಾಯಿಗೆ ಹೇಳಿದಳು: “ಆಮೇಲೆ ಅಪ್ಪ ನನ್ನ ತೊಳೀತಾನೆ. ವಾಸನೆ ಬಂದ್ರೆ ಯಾವಾಗ್ಲೂ ತೊಳೀತಾನೆ.” ದೂರಲ್ಲ, ಸುದ್ದಿ. ತಾಯಿ ತಲೆಯಾಡಿಸಿ ಸಿಪ್ಪೆ ಗುಡಿಸಿದಳು.

“ಇಷ್ಟು ಹೋರಾಡಿದ್ದು ಆ ಭಾಷೆಗೆ,” ಮೇಲ್ವಿಚಾರಕಿ ನನ್ನೊಬ್ಬಳಿಗೇ ಹೇಳಿದಳು. “ಈಗ ಒಪ್ಪಿಗೆ ಸಿಕ್ಕಿದೆ, ಮಾತೇ ಆಡಲ್ಲ. ಪಾಪ ಮಗು.”

ಎರಡನೆಯ ಭೇಟಿಯಲ್ಲಿ ಹುಡುಗಿ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಬಂದು ಕೂತಳು. ಯಾರೂ ಕೇಳದೆ ದಂಟುಗಳನ್ನು ಒಂದೇ ಉದ್ದಕ್ಕೆ ಜೋಡಿಸಿ ತಾಯಿಯ ಕೈಗೆ ಕೊಡತೊಡಗಿದಳು. ತಾಯಿ ಕೈ ಚಾಚುವ ಮೊದಲೇ ಅದು ಅಲ್ಲಿರುತ್ತಿತ್ತು. ಒಮ್ಮೆ ಹುಡುಗಿ ತಾನೇ ಒಂದು ಕಟ್ಟು ಕಟ್ಟಿದಳು. ತಾಯಿ ಅದನ್ನು ತೆಗೆದುಕೊಂಡು ನೋಡಿ, ಗಂಟು ಬಿಚ್ಚಿ, ಮಗುವಿನ ಮಡಿಲಿಗೆ ವಾಪಸು ಹಾಕಿದಳು. ಹುಡುಗಿ ಮತ್ತೆ ಕಟ್ಟಿದಳು. ತಾಯಿ ಮತ್ತೆ ಬಿಚ್ಚಿದಳು. ಮೂರನೆಯದನ್ನು ಬಿಚ್ಚಲಿಲ್ಲ, ತನ್ನ ಕಟ್ಟುಗಳ ಜೊತೆ ಇಟ್ಟಳು. ಹುಡುಗಿಯ ಮುಖ ನೋಡಬೇಕಿತ್ತು. ಅಥವಾ ನಾನು ಈಗ ಆ ಮುಖಕ್ಕೆ ಏನಾದರೂ ಸೇರಿಸುತ್ತಿದ್ದೇನೋ. ದಿನಚರಿಯಲ್ಲಿ ಮುಖದ ವಿಷಯವಿಲ್ಲ.

ಮೇಲ್ವಿಚಾರಕಿ ಮೂರನೆಯ ಕಟ್ಟನ್ನು ನೋಡಲಿಲ್ಲ. ಅವಳು ಆಗ ಬರೆಯುತ್ತಿದ್ದಳು. ಭೇಟಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದಳು. ಅವಳ ಕಣ್ಣು ತುಂಬಿತ್ತು.

“ಮಗು ಮಾಡಿದ್ದನ್ನ ಬಿಚ್ಚಿ ಬಿಸಾಕಿದ್ರು, ಒಂದು ಒಳ್ಳೆ ಮಾತೂ ಇಲ್ಲ. ನನಗೆ ಅರ್ಥ ಆಗಬೇಕು. ನೀವು ಆ ಜನರ ಬಗ್ಗೆ ಓದಿದವರು. ಇದು ಏನು?”

ನಾನು ಹೇಳಿದೆ. ಅಲ್ಲಿಯ ಬೆಟ್ಟದೂರುಗಳಲ್ಲಿ ದೊಡ್ಡವರು ಚಿಕ್ಕ ಮಕ್ಕಳೊಡನೆ ಕೂತು ಹರಟುವುದು ಕಡಿಮೆ ಎಂದು ಓದಿದ್ದೇನೆ. ಗೊತ್ತಿರುವುದನ್ನೇ ಮಗುವನ್ನು ಕೇಳಿ ಉತ್ತರ ಹೇಳಿಸುವುದಿಲ್ಲ. ಹೊಗಳುವುದಿಲ್ಲ. ಕೆಲಸ ಮಾಡುವ ಜಾಗದಲ್ಲಿ ಮಗುವಿಗೂ ಜಾಗವಿರುತ್ತದೆ, ಅದು ನೋಡಿ ನೋಡಿ ಕೈಹಾಕುತ್ತದೆ. ತಪ್ಪಿದರೆ ಬಿಚ್ಚಿಕೊಡುತ್ತಾರೆ. ಕೈಗೆ ಕೆಲಸ ಕೊಡುವುದೇ ಅಲ್ಲಿ ಮಗುವಿಗೆ ಕೊಡುವ ಮರ್ಯಾದೆ. ಇವತ್ತು ಈ ಕೋಣೆಯಲ್ಲಿ ಬಹಳ ನಡೆಯಿತು, ನೀವು ಕಂಡದ್ದು ಅದನ್ನೇ, ಎಂದೆ. ಎಂದೆನೆಂದು ನೆನಪು. ಎಲ್ಲವನ್ನೂ ಇದೇ ಕ್ರಮದಲ್ಲಿ, ಇಷ್ಟು ಚೆನ್ನಾಗಿ ಹೇಳಿದೆನೆಂದು ಆಣೆ ಮಾಡಲಾರೆ. ಅವಳು ತಲೆಯಾಡಿಸುತ್ತ ಬರೆದುಕೊಂಡಳು. “ತುಂಬಾ ಉಪಕಾರ ಆಯ್ತು,” ಎಂದಳು.

ಬಸ್ ನಿಲ್ದಾಣದವರೆಗೆ ತಾಯಿಯ ಜೊತೆ ನಡೆದೆ. ನಾನು ಏನು ಹೇಳಿದೆನೆಂದು ಅವಳಿಗೆ ಹೇಳಿ, ಇದು ಸರಿಯೇ, ನಿಮ್ಮೂರಲ್ಲಿ ಹೀಗೆಯೇ ಅಲ್ಲವೇ ಎಂದು ಕೇಳಿದೆ.

“ನನಗೇನು ಗೊತ್ತು. ಬೆಳ್ಳುಳ್ಳಿ ಕಟ್ಟೋದಿತ್ತು, ಕಟ್ಟಿದೆ.”

“ಆದರೆ ನಿಮ್ಮಮ್ಮ ನಿಮ್ಮ ಜೊತೆ?”

“ನಮ್ಮಮ್ಮ ಹತ್ತಿರ ಕೂತರೆ ಸೆಗಣಿ ವಾಸನೆ ಬರ್ತಿತ್ತು. ಅದನ್ನೂ ಹೇಳಿದೆಯಾ ಅವಳಿಗೆ?”

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು ಇನ್ನೊಂದು ಕಡೆ ನೋಡಿದಳು.

ಆ ವಾರ ಈ ವಿಷಯ ತಲೆಯಿಂದ ಹೋಗಲಿಲ್ಲ. ನಮ್ಮ ಮನೆಗಳಲ್ಲೂ ಹಾಗೆಯೇ ಇತ್ತಲ್ಲ ಎನ್ನಿಸಿತು. ಧಾರವಾಡದ ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುತ್ತಿದ್ದಾಗ ನಾನು ಹಿಟ್ಟಿನ ಪರಾತದ ಪಕ್ಕ ಸುಮ್ಮನೆ ಕೂತು ಕೈ ನೋಡುತ್ತಿದ್ದ ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ.

“ಅವ್ವಾ, ನಾ ಸಣ್ಣಾಕಿದ್ದಾಗ ನೀ ರೊಟ್ಟಿ ಮಾಡೋ ಮುಂದ ಇಬ್ಬರೂ ಸುಮ್ಮ ಇರ್ತಿದ್ವಿ ಅಲ್ಲಾ? ನಾ ನೋಡ್ಕೋತ ಕೂಡ್ತಿದ್ದೆ.”

“ನೀ? ಸುಮ್ಮ?” ಅಮ್ಮ ಫೋನನ್ನು ಮುಖದ ಹತ್ತಿರ ತಂದಳು. “ನಿನ್ನ ಬಾಯಿ ಮುಚ್ಚಸೂದು ಒಂದು ಕೆಲಸ ಆಗಿತ್ತವಾ. ಅದ್ಯಾಕ, ಇದ್ಯಾಕ. ರೊಟ್ಟಿ ಮಾಡಾಕ ನೀ ಎಂದೂ ಕಲೀಲಿಲ್ಲ. ಅಳಿಯಂದ್ರು ಮಾಡ್ತಾರಲ್ಲ?”

ಗಂಡ ಹಿಂದಿನಿಂದ “ಮಾಡ್ತೀನ್ರಿ ಅತ್ತಿ” ಎಂದು ಕೂಗಿದ. ಆ ಚಿತ್ರವನ್ನು ನಾನು ಎಲ್ಲಿಂದ ತಂದೆನೋ ತಿಳಿಯದು. ನನ್ನ ಮಗಳ ಹತ್ತಿರವಂತೂ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳುತ್ತಲೇ ಇರುತ್ತೇನೆ. ಅಂದೂ ಕೇಳಿದೆ, ಸಾಲ್ಯಾಗ ಊಟಕ್ಕ ಏನ್ ತಿಂದಿ ಎಂದು. “ನೂಡೆಲ್ನ್,” ಎಂದಳು, ಜರ್ಮನ್‌ನಲ್ಲಿ, ಐಪ್ಯಾಡಿನಿಂದ ತಲೆಯೆತ್ತದೆ.

ಮೂರನೆಯ ಭೇಟಿಗೆ ಮುಂಚೆ ವಕೀಲೆ ಫೋನ್ ಮಾಡಿದಳು. ಸಿಟ್ಟಿನಲ್ಲಿದ್ದಳು. ಮೇಲ್ವಿಚಾರಕಿ ಬರೆದುಕೊಳ್ಳುತ್ತಿರುವುದು ಅವಳ ಕಿವಿಗೆ ಬಿದ್ದಿತ್ತು. ಯಾರೂ ಆಡದ ಭಾಷೆಗೆ ನಾನು ಕೋರ್ಟಿನಲ್ಲಿ ಹೇಗೆ ವಾದಿಸಲಿ ಎಂದಳು. ಕೊನೆಯ ಭೇಟಿ ಇದು. ತಾಯಿ ಮಾತಾಡಬೇಕು, ಮಗುವನ್ನು ಏನಾದರೂ ಕೇಳಬೇಕು, ಉಳಿದ ತಾಯಂದಿರ ಹಾಗೆ ಇರಬೇಕು. ಇಲ್ಲದಿದ್ದರೆ ಮಗುವಿನೊಡನೆ ಅವಳ ಭಾಷೆ ಇವತ್ತಿಗೇ ಮುಗಿಯಿತು. ಇದನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಿ ಎಂದಳು.

ಗೇಟಿನ ಹೊರಗೆ ನಿಂತು ಹೇಳಿದೆ.

“ಏನು ಕೇಳಲಿ?”

“ಇದೇನು, ಇದು ಯಾವ ಬಣ್ಣ, ಇವತ್ತು ಏನು ಮಾಡಿದೆ. ಹಾಗೆ.”

“ಬಣ್ಣ ನನಗೂ ಕಾಣುತ್ತೆ.”

“ವಕೀಲೆ ಹೇಳಿದ್ದು.”

“ಅವಳಿಗೆ ಮಕ್ಕಳಿದಾರಾ?”

“ಗೊತ್ತಿಲ್ಲ.”

“ಇರುತ್ವೆ. ಎರಡು ನಾಯಿ,” ಎಂದು ಒಳಗೆ ಹೋದಳು.

ಅವತ್ತೂ ಬೆಳ್ಳುಳ್ಳಿ ಹರಡಿದಳು. ಹುಡುಗಿ ಓಡಿ ಬಂದು ಕೂತು ದಂಟಿಗೆ ಕೈಹಾಕಿದಳು. ತಾಯಿ ಒಂದು ಗಡ್ಡೆಯನ್ನು ಎತ್ತಿ ಮಗುವಿನ ಮೂಗಿನ ಮುಂದೆ ಹಿಡಿದಳು. ಜೋರಾಗಿ, ಕೋಣೆಗೆಲ್ಲ ಕೇಳುವ ಹಾಗೆ, ಅವಕತೆಕ್‌ನಲ್ಲಿ ಕೇಳಿದಳು: “ಇದೇನು?”

ನಾನು ಅನುವಾದಿಸಿದೆ. ಮೇಲ್ವಿಚಾರಕಿಯ ಮುಖ ಅರಳಿತು.

ಹುಡುಗಿ ತಾಯಿಯನ್ನು ನೋಡಿದಳು, ಗಡ್ಡೆಯನ್ನು ನೋಡಿದಳು.

“ಇದು ಯಾವ ಬಣ್ಣ?”

ಹುಡುಗಿಯ ಕೈ ದಂಟಿನ ಮೇಲೆ ನಿಂತುಬಿಟ್ಟಿತು.

“ಇವತ್ತು ಏನು ಮಾಡಿದೆ? ನೀನು ಖುಷಿಯಾಗಿದ್ದೀಯಾ?”

ತಾಯಿಯ ದನಿ ನಮ್ಮ ಮೂವರಲ್ಲಿ ಯಾರಿಗೂ ಪರಿಚಯವಿರದ ದನಿ, ಟಿವಿಯಲ್ಲಿ ಸಾಬೂನು ಮಾರುವವರದು. ಹುಡುಗಿ ಸ್ವಲ್ಪ ಹಿಂದೆ ಸರಿದಳು. “ಅದೇನು ಅಂತ ನಿನಗೆ ಗೊತ್ತಲ್ಲ,” ಎಂದಳು ಜರ್ಮನ್‌ನಲ್ಲಿ. “ಯಾಕೆ ಹೀಗೆ ಮಾತಾಡ್ತಿದೀಯ?” ತಾಯಿ ಮತ್ತೆ ಕೇಳಿದಳು, ಇದೇನು, ಇದೇನು, ಇನ್ನೂ ಜೋರಾಗಿ. ಅವಳು ನನ್ನ ಕಡೆ ನೋಡಿಕೊಂಡು ಕೇಳುತ್ತಿದ್ದಳು. ಹುಡುಗಿ ಎದ್ದಳು. ಪಜಲ್ ಇದ್ದ ಮೂಲೆಗೆ ಹೋದಳು. ಮೇಲ್ವಿಚಾರಕಿ ಅವಳ ಪಕ್ಕ ನೆಲದ ಮೇಲೆ ಕೂತು, “ಓ, ಇದು ಕುದುರೆಯ ಕಾಲಾ?” ಎಂದಳು. “ಹಸುವಿನದು,” ಎಂದಳು ಹುಡುಗಿ. ಅವರಿಬ್ಬರೂ ಹಸು ಪೂರ್ತಿ ಮಾಡಿದರು, ತಲೆಯ ಒಂದು ತುಂಡು ಬಿಟ್ಟು. ಅದು ಡಬ್ಬಿಯಲ್ಲಿ ಇರಲಿಲ್ಲ.

ತಾಯಿ ಉಳಿದ ಬೆಳ್ಳುಳ್ಳಿಯನ್ನು ಒಬ್ಬಳೇ ಕಟ್ಟಿದಳು. ಹುಡುಗಿ ಹೋಗುವಾಗ ಅವಳ ಕಡೆ ನೋಡಿ ಕೈ ಬೀಸಿದಳು, ಬಸ್ಸಿನಲ್ಲಿ ಹೋಗುವ ಅಪರಿಚಿತರಿಗೆ ಮಕ್ಕಳು ಬೀಸುವ ಹಾಗೆ.

ವರದಿಯನ್ನು ವಕೀಲೆ ನನಗೂ ಕಳಿಸಿದಳು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮೊದಲ ಎರಡು ಭೇಟಿಗಳಲ್ಲಿ ತಾಯಿ ಮಗುವಿನೊಡನೆ ಮಾತಾಡಲಿಲ್ಲ. ಮಗು ಮಾಡಿದ್ದನ್ನು ಮೆಚ್ಚದೆ ಬಿಚ್ಚಿದಳು. ಮೂರನೆಯ ಭೇಟಿಯಲ್ಲಿ ತಾಯಿ ಮಾತಾಡಿದಳು, ಮಗು ಕಿರಿಕಿರಿಗೊಂಡು ದೂರ ಹೋಯಿತು. ಆಮೇಲೆ ನನ್ನ ವಿಷಯ: ತಾಯಿಯ ಸಂಸ್ಕೃತಿಯಲ್ಲಿ ಚಿಕ್ಕ ಮಕ್ಕಳೊಡನೆ ಮಾತಾಡುವ, ಅವರನ್ನು ಪ್ರೋತ್ಸಾಹಿಸುವ ರೂಢಿ ಇಲ್ಲವೆಂದು ಭಾಷಾ ತಜ್ಞೆಯೇ ದೃಢಪಡಿಸಿದ್ದಾರೆ. ಆದ್ದರಿಂದ ಆ ಭಾಷೆಯಿಂದ ಮಗುವಿಗೆ ವಿಶೇಷ ಲಾಭ ಕಾಣುವುದಿಲ್ಲ. ಭೇಟಿಗಳು ಜರ್ಮನ್‌ನಲ್ಲೇ ನಡೆಯಲಿ. ಮಗುವಿನ ನೆಮ್ಮದಿ ನೋಡಿ ಅವುಗಳ ನಡುವಿನ ಅಂತರವನ್ನೂ ಹೆಚ್ಚಿಸುವುದು ಒಳಿತು.

ಗಂಡನಿಗೆ ಓದಿ ಹೇಳಿದೆ. ಅವನು ತಟ್ಟೆ ತೊಳೆಯುತ್ತಿದ್ದ.

“ನೀ ಅಂದದ್ದನ್ನ ಬರದಾರೇನು?”

“ಅಂದದ್ದೇ. ಅರ್ಧ.”

“ಸರಕಾರಿ ಆಮ್ಟ್‌ನ ಮಂದಿ ಮುಂದ ಅರ್ಧಾ ಅಂದ್ರ ಅರ್ಧಾನ ಬರೀತಾರ. ಪೂರಾ ಅಂದ್ರೂ ಅರ್ಧಾನ ಬರೀತಾರ.” ನೀರು ನಿಲ್ಲಿಸಿದ. “ಆ ಹೆಣ್ಮಗಳಿಗೆ ಹೇಳೀಯೇನು?”

“ವಕೀಲೆ ಹೇಳ್ಯಾಳ.”

“ನೀ ಅಲ್ಲಲ್ಲ ಹೇಳಿದ್ದು.”

ನಾನು ವಕೀಲೆಯ ಮೂಲಕ ಎರಡು ಪುಟದ ತಿದ್ದುಪಡಿ ಕೊಟ್ಟೆ. ನಾನು ಹೇಳಿದ್ದು ಏನು, ಎರಡನೆಯ ಭೇಟಿಯಲ್ಲಿ ನಾನು ಕಂಡದ್ದು ಏನು ಎಂದು. ವಿಚಾರಣೆಯ ದಿನ ನ್ಯಾಯಾಧೀಶೆ ಅದನ್ನು ಓದಿದ್ದಳು. ಮಗುವಿನ ಮುಖದ ಮೇಲೆ ಸಂತೋಷ ಕಂಡಿತೆಂದು ಬರೆದಿದ್ದೀರಿ, ಅದು ನಿಮಗೆ ಖಚಿತವೇ ಎಂದು ಕೇಳಿದಳು. ನಾನು ಯೋಚಿಸಿದೆ. ಖಚಿತ ಎಂದು ಹೇಳಲು ಬಾಯಿ ತೆರೆದೆ. ಆಗ ಎದುರಿಗೆ ಕೂತ ತಾಯಿ ನನ್ನನ್ನು ನೋಡುತ್ತಿದ್ದಳು. “ಖಚಿತ,” ಎಂದೆ. ನ್ಯಾಯಾಧೀಶೆ, “ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು,” ಎಂದು ಅದನ್ನು ಬದಿಗಿಟ್ಟಳು. ವರದಿ ಹೇಳಿದಂತೆಯೇ ಆಯಿತು. ಜರ್ಮನ್‌ನಲ್ಲಿ, ಎರಡು ತಿಂಗಳಿಗೊಮ್ಮೆ.

ಹೊರಗೆ ಅಪ್ಪ ನನ್ನ ಹತ್ತಿರ ಬಂದ. ಎತ್ತರದ, ಮೆಲುಮಾತಿನ ಮನುಷ್ಯ. ನನ್ನ ಕೈ ಕುಲುಕಿದ.

“ನಿಮಗೆ ಥ್ಯಾಂಕ್ಸ್ ಹೇಳಬೇಕು. ಅಷ್ಟು ವರ್ಷ ಅವಳ ಜೊತೆ ಇದ್ದೆ, ಅವಳು ಯಾಕೆ ಹಾಗೆ ಅಂತ ಅರ್ಥ ಆಗಿರಲಿಲ್ಲ. ನಾನೇ ಏನೋ ತಪ್ಪು ಮಾಡ್ತಿದೀನಿ ಅನ್ಕೊಂಡಿದ್ದೆ. ನಿಮ್ಮ ವಿವರಣೆ ಓದಿದ ಮೇಲೆ ಮನಸ್ಸು ಹಗುರ ಆಯ್ತು.”

ತಾಯಿ ಹತ್ತಿರದಲ್ಲೇ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿತ್ತು. ಅವನು ಹೋದ ಮೇಲೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ.

“ನೀನು ಜರ್ಮನ್ ಕಲಿಸ್ತೀಯಂತೆ.”

“ಹೌದು.”

“ನನಗೆ ಕಲಿಸು.”

“ನಿಮಗೆ ಜರ್ಮನ್ ಬರುತ್ತಲ್ಲ.”

“ಟೊಮೆಟೊ ಜರ್ಮನ್ ಬರುತ್ತೆ. ಇವರು ಮಕ್ಕಳ ಜೊತೆ ಆಡೋದು ಬರಲ್ಲ. ಆ ಕಾಲುಚೀಲದವಳು ಆಡ್ತಾಳಲ್ಲ, ಅದು. ಓ, ಇದು ಕುದುರೆ ಕಾಲಾ, ಅಂತ. ಅದನ್ನ ಕಲಿಸು. ನೀನು ಕಲಿಸಲೇಬೇಕು, ಗೊತ್ತಾಯ್ತಾ?”

ಈಗ ಶನಿವಾರ ಮಧ್ಯಾಹ್ನ ನನ್ನ ತರಗತಿ ಮುಗಿದ ಮೇಲೆ ಅವಳು ಬರುತ್ತಾಳೆ. ಖಾಲಿ ತರಗತಿಯಲ್ಲಿ ಎದುರುಬದುರು ಕೂರುತ್ತೇವೆ. ಚೆನ್ನಾಗಿ ಕಲಿಯುತ್ತಾಳೆ. ನನ್ನ ಬಾಯಿಯನ್ನೇ ನೋಡುತ್ತಾಳೆ, ಏನೂ ಕೇಳುವುದಿಲ್ಲ, ಮಾರನೆಯ ವಾರ ಬರುವ ಹೊತ್ತಿಗೆ ದನಿಯ ಏರಿಳಿತ ಸಮೇತ ತಯಾರಾಗಿರುತ್ತದೆ. ಓ, ಎಷ್ಟು ಚೆಂದ. ಇದನ್ನ ನೀನೊಬ್ಬಳೇ ಮಾಡಿದೆಯಾ. ವಾವ್, ಸೂಪರ್. ಈ ಮಾತುಗಳನ್ನು ಹೇಳುವಾಗ ಹುಬ್ಬು ಮೇಲಕ್ಕೆತ್ತಬೇಕೆಂದು ನಾನು ಹೇಳಿಕೊಟ್ಟೆ. ಎತ್ತುತ್ತಾಳೆ. ಹುಬ್ಬಿನ ಕೆಳಗಿನ ಕಣ್ಣು ಇದ್ದ ಹಾಗೇ ಇರುತ್ತದೆ. ಅವಕತೆಕ್‌ನಲ್ಲಿ ನಾನು ಒಮ್ಮೆ ಏನೋ ಹೇಳಿದಾಗ, ಅದು ಬೇಡ, ಇಲ್ಲಿ ಸಮಯ ಕಮ್ಮಿ, ಎಂದಳು.

ಅಭ್ಯಾಸಕ್ಕೆ ನಾನು ಮಗುವಾಗಬೇಕು, ಅವಳು ತಾಯಿ. ಮುಂದಿನ ಭೇಟಿ ಹತ್ತಿರ ಬಂದಿತ್ತು. ಹೋದ ವಾರ ಬಂದು ಕುರ್ಚಿ ಎಳೆದುಕೊಂಡು ಕೂತವಳೇ ಶುರುಮಾಡಿದಳು.

“ಹಲೋ ಪುಟ್ಟಿ. ಇವತ್ತು ಶಾಲೆಯಲ್ಲಿ ಏನು ಮಾಡಿದೆ?”

“ಚಿತ್ರ ಬಿಡಿಸಿದೆ.”

“ಓ, ಎಷ್ಟು ಚೆಂದ. ಏನು ಚಿತ್ರ?”

“ಮನೆ.”

“ವಾವ್. ಮನೆಯಲ್ಲಿ ಯಾರಿದ್ದಾರೆ?”

“ಅಮ್ಮ,” ಎಂದೆ.

ಅವಳು ಹುಬ್ಬು ಇಳಿಸಿದಳು. “ಸುಳ್ಳು ಹೇಳಬೇಡ. ಅವಳು ಹಾಗೆ ಹೇಳಲ್ಲ. ಅಪ್ಪ ಅನ್ನು.”

“ಅಪ್ಪ.”

ಹುಬ್ಬು ಮತ್ತೆ ಮೇಲೇರಿತು. “ಓ, ಎಷ್ಟು ಚೆಂದ,” ಎಂದಳು. “ನನ್ನನ್ನ ನೋಡಿ ನಿನಗೆ ಖುಷಿ ಆಯ್ತಾ?”

ನಾನು ಹೌದೆಂದೆ.

“ಇಲ್ಲ ಅನ್ನು,” ಎಂದಳು. “ಅವಳು ಇಲ್ಲ ಅಂತಾಳೆ. ಆಮೇಲೆ ಏನು ಕೇಳಬೇಕು ಅಂತ ನನಗೆ ಬರಬೇಕು.”

ಇಲ್ಲ ಎಂದೆ. ಅವಳು ಕಾಯುತ್ತಿದ್ದಳು, ಮುಂದಿನ ವಾಕ್ಯ ಏನೆಂದು ನಾನು ಹೇಳಿಕೊಡಲಿ ಎಂದು.